ಸಿ++: 11 ವರ್ಷ ಬಳಸಿದ ಮೇಲೆ, ಹುಟ್ಟಿಗಿಂತ ಸಾವಿನ ಬಗ್ಗೆಯೇ ಜಾಸ್ತಿ

ಪ್ರೋಗ್ರಾಮಿಂಗ್ ಭಾಷೆಗೂ ವಿಮರ್ಶೆ ಬರೆಯುತ್ತಾರಾ ಅಂತ ಕೇಳಬೇಡಿ. ಮಿಕ್ಸಿಗೆ, ಸ್ಕೂಟರಿಗೆ ಬರೆಯುವುದಾದರೆ ಇದಕ್ಕೂ ಬರೆಯಬಹುದು. ನನ್ನ ಕೆಲಸ ಮಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ. ಐಸ್ ಪ್ಲಾಂಟ್‌ಗಳಿಗೆ ಉಷ್ಣತೆ ಬರೆದಿಡುವ ಡಬ್ಬ ಮಾಡಿಕೊಡುತ್ತೇವೆ. ಉಪ್ಪುನೀರಿನ ಟ್ಯಾಂಕ್ ಎಷ್ಟು ತಣ್ಣಗಿದೆ, ಕಂಪ್ರೆಸರ್ ಓಡುತ್ತಾ ಇದೆಯಾ, ಇಷ್ಟು ನೋಡಿಕೊಳ್ಳುವ ಪುಟ್ಟ ಲಿನಕ್ಸ್ ಕಂಪ್ಯೂಟರ್ ಅದು. ಒಳಗಿನ ಪ್ರೋಗ್ರಾಂ ಪೂರ್ತಿ ಸಿ++.

ಭಾಷೆಯ ಎಲ್ಲ ಗುಣದೋಷ ಹೇಳಲು ಕೂತರೆ ಮಳೆಗಾಲ ಮುಗಿದೀತು. ಒಂದೇ ವಿಷಯ ಹೇಳುತ್ತೇನೆ: ಇದರಲ್ಲಿ ಆಬ್ಜೆಕ್ಟ್ (ಮಾಹಿತಿ ಮತ್ತು ಅದರ ಮೇಲಿನ ಕೆಲಸ ಒಟ್ಟಿಗೆ ಕಟ್ಟಿದ ಗಂಟು) ಹೇಗೆ ಹುಟ್ಟುತ್ತದೆ, ಯಾವಾಗ ಸಾಯುತ್ತದೆ. ನಾನು ಈ ಭಾಷೆ ಬಿಡದೇ ಇರುವುದೂ ಅದಕ್ಕೇ, ಬೈದಿರುವುದೂ ಅದಕ್ಕೇ.

ಮೊದಲು ಬೈದ ಕತೆ. ಮಲ್ಪೆಯ ಒಂದು ಪ್ಲಾಂಟಿನಲ್ಲಿ ನಮ್ಮ ಮೊದಲ ಡಬ್ಬ ಕೂರಿಸಿದ್ದು ಒಂದು ಮೇ ತಿಂಗಳಲ್ಲಿ. ಚೆನ್ನಾಗಿಯೇ ಓಡಿತು. ಜೂನ್, ಜುಲೈ ಹೇಗೂ ಮೀನುಗಾರಿಕೆ ನಿಷೇಧ, ಯಾರೂ ಅದರ ಕಡೆ ಜಾಸ್ತಿ ನೋಡಲಿಲ್ಲ. ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದವು. ಕರೆಂಟು ಹೋದಾಗ ದಾಖಲೆ ತಪ್ಪುತ್ತದೆ ಅಂತ ಪ್ಲಾಂಟಿನವರು ಡಬ್ಬಕ್ಕೆ ಒಂದು ಯುಪಿಎಸ್ ಹಾಕಿಸಿದರು. ಹಾಕಿಸಿ ಒಂಬತ್ತನೇ ದಿನಕ್ಕೆ ಆಪರೇಟರ್ ಫೋನು: "ಸರ್, ನಿಮ್ಮ ಡಬ್ಬ ಮಲಗಿದೆ." ಆಫ್ ಮಾಡಿ ಆನ್ ಮಾಡಿ ಎಂದೆ. ಎದ್ದಿತು. ಪುನಃ ಒಂಬತ್ತು ದಿನ, ಪುನಃ ಫೋನು. "ಎಂತ ಸರ್, ಇದಕ್ಕೆ ಏನಾದರೂ ಲೆಕ್ಕ ಉಂಟಾ?"

ಲೆಕ್ಕ ಇತ್ತು. ಎರಡು ಸೆಕೆಂಡಿಗೆ ಒಂದು ರೀಡಿಂಗ್. ದಿನಕ್ಕೆ 43,200. ಪ್ರತಿ ರೀಡಿಂಗ್‌ಗೂ ಒಂದು ಆಬ್ಜೆಕ್ಟ್, ಅದರ ಹೊಟ್ಟೆಯಲ್ಲಿ ಒಂದು ಕಿಲೋಬೈಟಿನ ಬಫರ್, ಅಂದರೆ ಮಾಹಿತಿ ಇಡುವ ಮೆಮೊರಿ ಜಾಗ. ಕೆಲಸ ಮುಗಿದ ಮೇಲೆ ನಾವು ಡಿಲೀಟ್ ಮಾಡುತ್ತಿದ್ದದ್ದು ನಿಜ. ಕ್ಲಾಸ್ ಅಂದರೆ ಆಬ್ಜೆಕ್ಟಿನ ಅಚ್ಚು; ನಮ್ಮ ರೀಡಿಂಗಿನ ಕ್ಲಾಸ್ ಮಗ, ಅದು ಹುಟ್ಟಿ ಬಂದ ಬೇಸ್ ಕ್ಲಾಸ್ ಅಪ್ಪ. ಆದರೆ ಡಿಲೀಟ್ ಮಾಡುತ್ತಿದ್ದದ್ದು ಬೇಸ್ ಕ್ಲಾಸಿನ ಪಾಯಿಂಟರ್ (ಮೆಮೊರಿಯ ವಿಳಾಸ) ಮೂಲಕ, ಮತ್ತು ಬೇಸ್ ಕ್ಲಾಸಿನ ಡಿಸ್ಟ್ರಕ್ಟರ್ (ಆಬ್ಜೆಕ್ಟ್ ಸಾಯುವಾಗ ಓಡುವ ಕೋಡು) ಮುಂದೆ 'ವರ್ಚುವಲ್' ಅನ್ನುವ ಪದ ಬರೆದಿರಲಿಲ್ಲ. ಹಾಗಾಗಿ ಅಪ್ಪನ ಡಿಸ್ಟ್ರಕ್ಟರ್ ಮಾತ್ರ ಓಡಿತು. ಮಗನದ್ದು ಓಡಲಿಲ್ಲ, ಬಫರ್ ಹಾಗೇ ಉಳಿಯಿತು. ದಿನಕ್ಕೆ ಸುಮಾರು 42 ಮೆಗಾಬೈಟ್ ಸೋರಿಕೆ. ನಮ್ಮ ಬೋರ್ಡಿನ ಮೆಮೊರಿ 512 ಮೆಗಾಬೈಟ್, ಉಳಿದ ಸಾಮಾನೆಲ್ಲ ಕಳೆದು ಒಂಬತ್ತು ದಿನಕ್ಕೆ ಸರಿಯಾಗಿ ಖಾಲಿ. ಆಮೇಲೆ ಲಿನಕ್ಸೇ ನಮ್ಮ ಪ್ರೋಗ್ರಾಮನ್ನು ಕೊಂದು ಹಾಕುತ್ತಿತ್ತು.

ಅಲ್ಲಿಯವರೆಗೆ ನಮ್ಮನ್ನು ಕಾಪಾಡಿದ್ದು ಮಳೆಗಾಲದ ಕರೆಂಟು. ಎರಡು ಮೂರು ದಿನಕ್ಕೊಮ್ಮೆ ಹೋಗಿ ಬಂದು ಡಬ್ಬಕ್ಕೆ ಹೊಸ ಜನ್ಮ ಕೊಡುತ್ತಿತ್ತು. ಯುಪಿಎಸ್ ಬಂತು, ಬಣ್ಣ ಬಯಲಾಯಿತು.

ಭಾಷೆಯ ನಿಯಮದ ಪ್ರಕಾರ ಇಂಥ ಡಿಲೀಟ್ ಮಾಡಿದರೆ ಏನು ಬೇಕಾದರೂ ಆಗಬಹುದು. ಸೋರಿದ್ದಷ್ಟೇ ನಮ್ಮ ಪುಣ್ಯ. ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್ ಸುಮ್ಮನೆ ಬಿಟ್ಟಿತ್ತಾ ಅಂದರೆ, ಇಲ್ಲ. ನಮ್ಮ ಕಂಪೈಲರ್ ಜಿಸಿಸಿ ಎಚ್ಚರಿಕೆ ಕೊಟ್ಟಿತ್ತು. ಇನ್ನೂರು ಸಾಲಿನ ಬೇರೆ ಎಚ್ಚರಿಕೆಗಳ ಮಧ್ಯೆ ನಾವೇ ಓದಿರಲಿಲ್ಲ. ಆದರೂ ಒಂದು ಪದ ಬಿಟ್ಟದ್ದಕ್ಕೆ ಇಷ್ಟು ಶಿಕ್ಷೆ ಕೊಡುವ ಭಾಷೆ ಬೇರೆ ಇದೆಯೋ ಗೊತ್ತಿಲ್ಲ ಮಾರಾಯ್ರೆ.

ಹಾಗಾದರೆ ಬಿಡಬಹುದಿತ್ತಲ್ಲ? ಹಿಂದಿನ ಕೆಲಸದಲ್ಲಿ ನಾನು ಜಾವಾ ಬರೆಯುತ್ತಿದ್ದೆ. ಅಲ್ಲಿ ಆಬ್ಜೆಕ್ಟ್ ಹುಟ್ಟಿಸಿ ಮರೆತುಬಿಡಬಹುದು, ಗಾರ್ಬೇಜ್ ಕಲೆಕ್ಟರ್ ಯಾವಾಗಲೋ ಬಂದು ಗುಡಿಸುತ್ತದೆ. ಮೆಮೊರಿಗೆ ಆ 'ಯಾವಾಗಲೋ' ಸಾಕು. ಆದರೆ ತೆರೆದಿಟ್ಟ ಫೈಲು, ಹಾಕಿಟ್ಟ ಲಾಕು, ಹಿಡಿದಿಟ್ಟ ಪೋರ್ಟು? ಅದಕ್ಕೆಂದು ಫೈನಲೈಜ್ ಅಂತ ಒಂದು ಮೆಥಡ್ ಇತ್ತು. ಅದು ಯಾವಾಗ ಓಡುತ್ತದೆ, ಓಡುತ್ತದೆಯೋ ಇಲ್ಲವೋ ಎನ್ನುವುದಕ್ಕೇ ಖಾತ್ರಿ ಇರಲಿಲ್ಲ. 2017ರ ಜಾವಾ 9ರಲ್ಲಿ ಅವರೇ ಅದನ್ನು ಬಳಸಬೇಡಿ ಎಂದರು. ಅದಕ್ಕೂ ಮೊದಲೇ, 2011ರ ಜಾವಾ 7ರಲ್ಲಿ, ಟ್ರೈ ಎನ್ನುವ ಪದದ ಜೊತೆಗೇ ಫೈಲು ತೆರೆದರೆ ಆ ಬ್ಲಾಕ್ (ಕೋಡಿನ ತುಂಡು) ಮುಗಿದಾಗ ತಾನಾಗಿ ಮುಚ್ಚುವ ವ್ಯವಸ್ಥೆ ಬಂದಿತ್ತು. ಒಳ್ಳೆಯದೇ. ಆದರೆ ಹಾಗೆ ಬರೆಯಲು ನೆನಪಿರಬೇಕು.

ಸಿ++ನಲ್ಲಿ ಆ ನೆನಪು ಬೇಡ. ಬ್ಲಾಕಿನ ಒಳಗೆ ಒಂದು ಆಬ್ಜೆಕ್ಟ್ ಇಟ್ಟರೆ, ಆ ಬ್ಲಾಕನ್ನು ಮುಚ್ಚುವ ಬ್ರೇಸ್ ( } ) ಬಂದಲ್ಲಿ ಅದು ಸಾಯುತ್ತದೆ. ನಡುವೆ ರಿಟರ್ನ್ ಬರಲಿ, ಎಕ್ಸೆಪ್ಷನ್ (ಏನೋ ತಪ್ಪಾಯಿತು ಎನ್ನುವ ಕೂಗು) ಹಿಡಿಯುವವನ ಕಡೆ ಹಾರಲಿ, ಡಿಸ್ಟ್ರಕ್ಟರ್ ಓಡಿಯೇ ಓಡುತ್ತದೆ. ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು 'ಸಿ ವಿತ್ ಕ್ಲಾಸಸ್' ಅಂತ ಶುರು ಮಾಡಿದಾಗಲೇ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರ್, ಸಾಯುವಾಗ ಓಡುವ ಡಿಸ್ಟ್ರಕ್ಟರ್, ಈ ಜೋಡಿ ಇತ್ತು. ಕ್ಲಾಸಿನ ಕಲ್ಪನೆ ನಾರ್ವೆಯ ಸಿಮ್ಯುಲಾ ಭಾಷೆಯಿಂದ ಬಂತು, ಅದರ ಗಾರ್ಬೇಜ್ ಕಲೆಕ್ಟರನ್ನು ಮಾತ್ರ ಅವರು ತರಲಿಲ್ಲ.

ಹುಟ್ಟು ಸಾವಿನ ಕ್ರಮವೂ ನನಗೆ ಇಷ್ಟ. ಯಕ್ಷಗಾನದ ಚೌಕಿಯಲ್ಲಿ ಕೂತು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಮೊದಲು ಮುಖಕ್ಕೆ ಬಣ್ಣ, ಆಮೇಲೆ ಉಡುಗೆ, ಕೊನೆಗೆ ಕಿರೀಟ. ಆಟ ಮುಗಿದ ಮೇಲೆ ಕಿರೀಟ ಮೊದಲು ಇಳಿಯುತ್ತದೆ, ಬಣ್ಣ ಕೊನೆಗೆ. ಇಲ್ಲೂ ಹಾಗೆಯೇ: ಮೊದಲು ಬೇಸ್ ಕ್ಲಾಸ್, ಆಮೇಲೆ ಒಳಗಿನ ಸದಸ್ಯರು, ಕೊನೆಗೆ ನಮ್ಮ ಕನ್‌ಸ್ಟ್ರಕ್ಟರಿನ ಮೈ. ಸಾಯುವಾಗ ಪೂರ್ತಿ ತಿರುಗಾಮುರುಗಾ.

ವೇಷ ಅರ್ಧ ಕಟ್ಟಿರುವಾಗಲೇ ಆಟ ನಿಂತರೆ? ಕನ್‌ಸ್ಟ್ರಕ್ಟರ್ ನಡುವೆ ಎಕ್ಸೆಪ್ಷನ್ ಎದ್ದರೆ, ಅಷ್ಟರಲ್ಲಿ ಪೂರ್ತಿ ಕಟ್ಟಿದ ಬೇಸ್ ಕ್ಲಾಸ್ ಮತ್ತು ಸದಸ್ಯರು ಮಾತ್ರ ಬಿಚ್ಚಿಕೊಳ್ಳುತ್ತಾರೆ. ನಮ್ಮ ಕ್ಲಾಸಿನ ಸ್ವಂತ ಡಿಸ್ಟ್ರಕ್ಟರ್ ಓಡುವುದಿಲ್ಲ, ಯಾಕೆಂದರೆ ಆ ಆಬ್ಜೆಕ್ಟ್ ಇನ್ನೂ ಹುಟ್ಟಿಯೇ ಇಲ್ಲ. ಇದರಲ್ಲೂ ಒಮ್ಮೆ ಬಿದ್ದಿದ್ದೇವೆ. ಕನ್‌ಸ್ಟ್ರಕ್ಟರಿನಲ್ಲಿ ಸೀರಿಯಲ್ ಪೋರ್ಟಿಗೆ (ಬೇರೆ ಸಾಧನದ ತಂತಿ ಸಿಕ್ಕಿಸುವ ಕಿಂಡಿ) ಲಾಕ್ ಹಾಕಿ ತೆರೆದೆವು, ಮುಂದಿನ ಸಾಲಿನಲ್ಲಿ ಫೈಲು ಸಿಗದೆ ಎಕ್ಸೆಪ್ಷನ್. ಪೋರ್ಟ್ ಮುಚ್ಚುವ ಸಾಲು ಇದ್ದದ್ದು ಡಿಸ್ಟ್ರಕ್ಟರಿನಲ್ಲಿ. ಎರಡನೇ ಪ್ರಯತ್ನದಲ್ಲಿ ಪೋರ್ಟ್ ತೆರೆಯಲಿಲ್ಲ, ನಾವೇ ಹಾಕಿದ ಬೀಗ ನಮಗೇ ಅಡ್ಡ. ಪೋರ್ಟಿಗೇ ಒಂದು ಚಿಕ್ಕ ಕ್ಲಾಸ್ ಮಾಡಿ ಸದಸ್ಯನಾಗಿ ಕೂರಿಸಿದೆವು, ಸಮಸ್ಯೆ ಮಾಯ.

ಈಗ ನಮ್ಮ ಕೋಡಿನಲ್ಲಿ ಬರಿಗೈಯಲ್ಲಿ ಬರೆದ ಡಿಲೀಟ್ ಇಲ್ಲ. 2011ರ ಸ್ಟ್ಯಾಂಡರ್ಡಿನಲ್ಲಿ ಬಂದ ಯುನೀಕ್ ಪಾಯಿಂಟರ್ ಸಾಕಾಗುತ್ತದೆ: ಒಂದು ಆಬ್ಜೆಕ್ಟಿಗೆ ಒಬ್ಬನೇ ಯಜಮಾನ, ಅವನು ಹೋದರೆ ಅದೂ ಹೋಯಿತು. ಆದರೆ ವರ್ಚುವಲ್ ಬರೆಯುವುದು ಅಲ್ಲೂ ತಪ್ಪದು, ಅದೇನೂ ಮಂತ್ರದಂಡ ಅಲ್ಲ. ಶೇರ್ಡ್ ಪಾಯಿಂಟರ್ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ಎಷ್ಟು ಜನ ಹಿಡಿದಿದ್ದಾರೆ ಅಂತ ಎಣಿಸುತ್ತದೆ, ಎಣಿಕೆ ಸೊನ್ನೆಯಾದರೆ ಕೊಲ್ಲುತ್ತದೆ. ಇಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡರೆ ಸೊನ್ನೆ ಆಗುವುದೇ ಇಲ್ಲ. ಒಂದು ಕಡೆ ಎಣಿಕೆಗೆ ಸೇರದ ವೀಕ್ ಪಾಯಿಂಟರ್ ಹಾಕಬೇಕು. ಹುಡುಗರು ಯಾರದ್ದು ಯಾವುದು ಅಂತ ಯೋಚಿಸಲು ಬೇಜಾರಾಗಿ ಎಲ್ಲದಕ್ಕೂ ಶೇರ್ಡ್ ಹಾಕುತ್ತಾರೆ.

ಬೆಲೆ: ಕಂಪೈಲರ್ ಉಚಿತ, ನಿದ್ದೆ ನಿಮ್ಮದು. ವೆಬ್‌ಸೈಟ್ ಮಾಡುವವರಿಗೆ, ಬಿಲ್ಲಿಂಗ್ ಬರೆಯುವವರಿಗೆ ಇದು ಬೇಡ. ತಿಂಗಳುಗಟ್ಟಲೆ ಆಫ್ ಆಗದ ಡಬ್ಬ ಮಾಡುವವರಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು.

ಮಲ್ಪೆಯ ಡಬ್ಬ ಸರಿಹೋಗಿ ವರ್ಷಗಳಾದವು. ಕಾರಣ ಸಿಗುವವರೆಗೆ ಭಾನುವಾರ ಒಮ್ಮೆ ಆಫ್ ಮಾಡಿ ಆನ್ ಮಾಡಿ ಅಂತ ಆಗ ಆಪರೇಟರಿಗೆ ಹೇಳಿದ್ದೆ. ಇನ್ನು ಬೇಡ ಎಂದು ಆಮೇಲೆ ಎರಡು ಸಲ ಹೇಳಿಯಾಯಿತು. ಲಾಗ್ ತೆಗೆದು ನೋಡಿದರೆ ಈಗಲೂ ಪ್ರತಿ ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಒಂದು ರೀಸ್ಟಾರ್ಟ್ ಇದೆ.