ಉಬುಂಟುವಿನಲ್ಲಿ ಎನ್ವಿಡಿಯಾ: ಡಿಕೆಎಂಎಸ್ಸೋ, ಸಿದ್ಧ ಮಾಡ್ಯೂಲೋ?

ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್‌ಗೆ ಕರ್ನಲ್ (ಉಬುಂಟುವಿನ ತಿರುಳು) ಜೊತೆ ಹೊಂದುವ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಸೇರಿಕೊಳ್ಳುವ ತುಣುಕು, ಬೇಕು. ಅದನ್ನು ಪಡೆಯುವ ದಾರಿ ಎರಡು: ಡಿಕೆಎಂಎಸ್ ಅಥವಾ ಸಿದ್ಧ ಮಾಡ್ಯೂಲ್. ಕರ್ನಲ್ ಅಪ್‌ಡೇಟ್ ಆದಮೇಲೆ ಪರದೆ ಕಪ್ಪಾದರೆ ಮೊದಲು ಗ್ರಬ್ ಮೆನುವಿನಿಂದ (ಬೂಟ್ ಆಗುವಾಗ ಕರ್ನಲ್ ಆರಿಸುವ ಮೆನು) ಹಳೆಯ ಕರ್ನಲ್‌ಗೆ ಬೂಟ್ ಮಾಡಿ, ದುರಸ್ತಿ ಆಮೇಲೆ.

ಡಿಕೆಎಂಎಸ್ ಎಂಬ ಸಾಧನ ಪ್ರತಿ ಹೊಸ ಕರ್ನಲ್‌ಗೂ ಮಾಡ್ಯೂಲನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡುತ್ತದೆ. ಆ ಕರ್ನಲ್‌ನದೇ ಹೆಡರ್ ಪ್ಯಾಕೇಜ್ (ಕಂಪೈಲ್ ಮಾಡಲು ಬೇಕಾದ ಫೈಲ್‌ಗಳು) ಇಲ್ಲದಿದ್ದರೆ ಕೈಕೊಡುತ್ತದೆ. ಟರ್ಮಿನಲ್‌ನಲ್ಲಿ ‘ಡಿಕೆಎಂಎಸ್ ಸ್ಟೇಟಸ್’ ಆಜ್ಞೆ ಕೊಟ್ಟಾಗ ಹೊಸ ಕರ್ನಲ್ ಎದುರು ‘ಇನ್‌ಸ್ಟಾಲ್ಡ್’ ಕಾಣದಿದ್ದರೆ ಹೆಡರ್ ಹಾಕಿ, ‘ಡಿಕೆಎಂಎಸ್ ಆಟೋಇನ್‌ಸ್ಟಾಲ್’ ಓಡಿಸಿ. ಹಳೆಯ ಕರ್ನಲ್‌ನಲ್ಲಿ ಕೂತಿದ್ದೀರಲ್ಲ, ಆ ಆಜ್ಞೆಗೆ ‘ಮೈನಸ್ ಕೆ’ (-k) ಜೊತೆ ಹೊಸದರ ಆವೃತ್ತಿ ಹೇಳದಿದ್ದರೆ ಹಳೆಯದಕ್ಕೇ ಕಟ್ಟುತ್ತದೆ! ಸೆಕ್ಯೂರ್ ಬೂಟ್ (ನಂಬಲರ್ಹ ಸಹಿ ಇಲ್ಲದ ಮಾಡ್ಯೂಲನ್ನು ತಡೆಯುವ ವ್ಯವಸ್ಥೆ) ಆನ್ ಇದ್ದರೆ ಮಾಡ್ಯೂಲ್‌ಗೆ ಸಹಿ ಹಾಕುವ ಕೀ ನೋಂದಣಿಯೂ ಆಗಿರಬೇಕು.

ಉಬುಂಟುವೇ ಸಹಿ ಹಾಕಿ ಕೊಡುವ ಸಿದ್ಧ ಮಾಡ್ಯೂಲ್‌ಗೆ ಈ ಯಾವ ರಗಳೆಯೂ ಇಲ್ಲ. ಆದರೆ ಅದು ಸಿಗುವುದು ಉಬುಂಟುವಿನದೇ ಕರ್ನಲ್‌ಗಳಿಗೆ. ಮೇನ್‌ಲೈನ್ ಕರ್ನಲ್ (ಉಬುಂಟುವಿನ ಬದಲಾವಣೆಗಳಿಲ್ಲದ ಮೂಲ ಕರ್ನಲ್) ಹಾಕಿಕೊಂಡವರಿಗೆ ಡಿಕೆಎಂಎಸ್ಸೇ ಗತಿ. ಉಳಿದವರು ಸಿದ್ಧವಾದದ್ದನ್ನೇ ಹಾಕಿಕೊಳ್ಳಿ.