ನಕ್ಷತ್ರ ಹಾಕಿಕೊಡುವ ಅಂಗಡಿಯೂ ಪುಕ್ಕಟೆ ಸಿಗುವ ‘ಆರ್’ ತಂತ್ರಾಂಶವೂ

ರಾಯಚೂರಿನಲ್ಲಿ ಪಿಎಚ್‌ಡಿ ಮಾಡುವವರಿಗೆ ಒಂದು ಸುಲಭದ ದಾರಿ ಇದೆ. ಪ್ರಬಂಧ ಟೈಪ್ ಮಾಡಿ ಬೈಂಡ್ ಹಾಕುವ ಅಂಗಡಿಗೆ ಪ್ರಶ್ನಾವಳಿಗಳ ಕಟ್ಟನ್ನು ಕೊಟ್ಟು ಬಂದರೆ ಆಯಿತು; ಕೋಷ್ಟಕಗಳು ಸಿದ್ಧವಾಗಿ ಬರುತ್ತವೆ, ಅಂಕಿಗಳ ಪಕ್ಕ, ‘ಈ ವ್ಯತ್ಯಾಸ ಬರೀ ಆಕಸ್ಮಿಕವಿರಲಾರದು’ ಎಂದು ಸೂಚಿಸುವ ನಕ್ಷತ್ರಗಳೂ (*) ಇರುತ್ತವೆ. ಆ ನಕ್ಷತ್ರ ಏಕೆ ಬಂತು ಎಂದು ವೈವಾದಲ್ಲಿ ಕೇಳಿದರೆ ಉತ್ತರ ಹೇಳಲು ಅಂಗಡಿಯವರು ಬರುವುದಿಲ್ಲ. ಅದಕ್ಕೇ ನಾನು ಅಂಕಿಅಂಶಗಳ ವಿಶ್ಲೇಷಣೆಗೆ ಬಳಸುವ ‘ಆರ್’ (R) ತಂತ್ರಾಂಶ ಕಲಿಯಲು ಕುಳಿತೆ. ಅರ್ಥಶಾಸ್ತ್ರ ಪಾಠ ಮಾಡುವವಳು ನಾನು. ಪ್ರೋಗ್ರಾಮಿಂಗಿನ ಗಂಧಗಾಳಿಯೂ ಇರಲಿಲ್ಲ.

ಆರ್ ಹುಟ್ಟಿದ್ದು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ, ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅವರ ಕೈಯಲ್ಲಿ. 1.0.0 ಆವೃತ್ತಿ ಬಂದದ್ದು 2000ದ ಫೆಬ್ರುವರಿ 29ರಂದು. ಇವತ್ತಿಗೂ ಒಂದು ಪೈಸೆ ಕೊಡಬೇಕಿಲ್ಲ. ಜೊತೆಗೆ, ಆರ್ ಆದೇಶಗಳನ್ನು ಬರೆದು ಓಡಿಸಲು ಅನುಕೂಲವಾದ ಆರ್‌ಸ್ಟುಡಿಯೋ ಹಾಕಿಕೊಂಡರೆ ಕೆಲಸ ಹಗುರ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತಂತ್ರಾಂಶದ ಒಳಗೇ ಇಟ್ಟಿರುವ ಮಾದರಿ ದತ್ತಾಂಶಗಳು. ‘ಪ್ಲಾಂಟ್‌ಗ್ರೋತ್’ ಎಂಬುದನ್ನೇ ನೋಡಿ: 30 ಗಿಡಗಳ ಒಣತೂಕ, ಹತ್ತು ಹತ್ತರಂತೆ ಮೂರು ಗುಂಪು. ಒಂದು ಯಾವ ಉಪಚಾರವೂ ಇಲ್ಲದ್ದು, ಉಳಿದೆರಡಕ್ಕೆ ಬೇರೆ ಬೇರೆ ಉಪಚಾರ. ಸರಾಸರಿಗಳು ಕ್ರಮವಾಗಿ 5.03, 4.66, 5.53. ಗುಂಪುಗಳ ಸರಾಸರಿಗಳನ್ನು ಒಟ್ಟಿಗೆ ಹೋಲಿಸುವ ಅನೋವಾ ಪರೀಕ್ಷೆ ಮಾಡಿದರೆ ಪಿ ಮೌಲ್ಯ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಕಾಣುವ ಸಂಭವ; ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕೆ ಬರುತ್ತದೆ) 0.016, ಪಕ್ಕದಲ್ಲಿ ಒಂದು ನಕ್ಷತ್ರ. ಅಂಗಡಿಯ ಕೋಷ್ಟಕ ಇಲ್ಲಿಗೆ ನಿಲ್ಲುತ್ತದೆ; ‘ಉಪಚಾರ ಫಲ ಕೊಟ್ಟಿದೆ’ ಎಂದು ನಾವು ಬರೆದು ಕೈತೊಳೆದುಕೊಳ್ಳುತ್ತೇವೆ. ಇನ್ನೊಂದೇ ಸಾಲು ಬರೆದು, ಗುಂಪುಗಳನ್ನು ಎರಡೆರಡಾಗಿ ಹೋಲಿಸುವ ಟ್ಯೂಕಿ ಪರೀಕ್ಷೆ ನಡೆಸಿ ನೋಡಿ. ಉಪಚಾರವಿಲ್ಲದ ಗುಂಪಿಗೂ ಮೊದಲ ಉಪಚಾರಕ್ಕೂ ನಡುವಿನ ವ್ಯತ್ಯಾಸಕ್ಕೆ ಪಿ ಮೌಲ್ಯ 0.39, ಎರಡನೆಯದಕ್ಕೆ 0.20, ಎರಡೂ ಲೆಕ್ಕಕ್ಕೆ ಬಾರದವು. ಆ ಎರಡು ಉಪಚಾರಗಳ ನಡುವೆ ಮಾತ್ರ 0.012. ನಕ್ಷತ್ರ ಸುಳ್ಳು ಹೇಳಿರಲಿಲ್ಲ, ನಾವು ಓದಿದ್ದು ಅದು ಹೇಳದ ಮಾತನ್ನು. ಮೂರು ಸೆಮಿಸ್ಟರ್ ಸಂಖ್ಯಾಶಾಸ್ತ್ರದ ಪಾಠದಲ್ಲಿ ಯಾರೂ ನನಗೆ ಇದನ್ನು ಹೀಗೆ ಬಿಡಿಸಿ ತೋರಿಸಿರಲಿಲ್ಲ.

ನನ್ನ ಸ್ವಂತ ಅಂಕಿಅಂಶ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ರೈತರದು. ವರಮಾನ ಹೇಳಲು ಒಪ್ಪದ ಮನೆಗಳ ಖಾನೆ ಖಾಲಿ ಇತ್ತು. ಎಕ್ಸೆಲ್ ಆ ಖಾಲಿ ಖಾನೆಗಳನ್ನು ಸದ್ದಿಲ್ಲದೆ ದಾಟಿ ಸರಾಸರಿ ಕೊಟ್ಟುಬಿಡುತ್ತದೆ. ಆರ್ ಹಾಗಲ್ಲ, ‘ಎನ್‌ಎ’ (ಲಭ್ಯವಿಲ್ಲ) ಎಂದು ಮುಖ ತಿರುಗಿಸುತ್ತದೆ. ಯಾರನ್ನು ಬಿಡುತ್ತಿದ್ದೇವೆ ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಈ ಬಿಗಿ ನನಗೆ ಇಷ್ಟ. ಹಾಗೆಯೇ ‘ಸಮ್ಮರಿ’ ಆದೇಶ ಸರಾಸರಿಯನ್ನೂ ಮಧ್ಯಾಂಕವನ್ನೂ ಅಕ್ಕಪಕ್ಕ ನಿಲ್ಲಿಸುತ್ತದೆ. ನಾಲ್ಕಾರು ದೊಡ್ಡ ಹಿಡುವಳಿದಾರರು ಊರಿನ ಸರಾಸರಿಯನ್ನು ಎಷ್ಟು ಮೇಲಕ್ಕೆ ಎಳೆದಿದ್ದಾರೆ ಎಂಬುದು ಆಗ ಕಣ್ಣಿಗೆ ರಾಚುತ್ತದೆ. ಗೈಡ್ ಸರ್ ‘ಎರಡು ಊರು ಕೈಬಿಡಿ’ ಎಂದಾಗಲೂ ತಲೆನೋವಾಗಲಿಲ್ಲ. ಬರೆದಿಟ್ಟ ಸಾಲುಗಳಲ್ಲಿ ಒಂದನ್ನು ತಿದ್ದಿ ಮತ್ತೆ ಓಡಿಸಿದರೆ ಎಲ್ಲ ಕೋಷ್ಟಕಗಳೂ ಹೊಸದಾಗಿ ಬಂದವು.

ಇನ್ನು ಕಾಟಗಳು. ದೊಡ್ಡಕ್ಷರ ಸಣ್ಣಕ್ಷರ ಅದಲುಬದಲಾದರೂ ಸಿಡುಕುತ್ತದೆ. ಸಹಾಯದ ಪುಟಗಳು ಆಗಲೇ ಬಲ್ಲವರಿಗಾಗಿ ಬರೆದವು. ಕೆಳಗಿನ ಉದಾಹರಣೆಗಳನ್ನು ಮೊದಲು ಓದಿ, ಮೇಲಿನದನ್ನು ಆಮೇಲೆ ನೋಡಿಕೊಳ್ಳಬಹುದು. ಶುರು ಮಾಡುವವರು ‘ಸ್ವರ್ಲ್’ ಎಂಬ ಪ್ಯಾಕೇಜ್ ಹಾಕಿಕೊಳ್ಳಲಿ, ಅದು ಆರ್ ಒಳಗೇ ಕೂಡಿಸಿಕೊಂಡು ಪಾಠ ಹೇಳುತ್ತದೆ.

ಊರ ಹೆಸರುಗಳನ್ನು ಕನ್ನಡದಲ್ಲೇ ಇಟ್ಟುಕೊಂಡವರಿಗೆ ಒಂದು ಮಾತು. ವಿಂಡೋಸ್ ಗಣಕವಾದರೆ 2022ರಲ್ಲಿ ಬಂದ 4.2 ಅಥವಾ ಅದಕ್ಕಿಂತ ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಿ, ಯುನಿಕೋಡ್ ಕಿರಿಕಿರಿ ಬಹುಪಾಲು ತಪ್ಪುತ್ತದೆ. ನಕ್ಷೆಯನ್ನು ಮಾಮೂಲಿ ಪಿಡಿಎಫ್ ಆದೇಶದಿಂದ ಉಳಿಸಿದರೆ ಸಿಂಧನೂರು, ಮಾನ್ವಿಗಳ ಜಾಗದಲ್ಲಿ ಬರೀ ಚುಕ್ಕಿಗಳು ಬರುತ್ತವೆ. ‘ಕೈರೋ ಪಿಡಿಎಫ್’ ಆದೇಶ ಬಳಸಿ.