ಕೋಟಪಾಡ್ ಶಾಲೋ, ತೋಡ ಶಾಲೋ?

ದೂರದಿಂದ ಎರಡೂ ಒಂದೇ: ಬಿಳಿ ಹತ್ತಿ, ಕೆಂಪು-ಕಪ್ಪು ಚಿತ್ತಾರ. ಕೈಗೆತ್ತಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ.

ಒಡಿಶಾದ ಕೋರಾಪುಟ್ ಜಿಲ್ಲೆಯ ಕೋಟಪಾಡ್‌ನಲ್ಲಿ ಮಿರಗಾನ್ ಸಮುದಾಯದ ನೇಕಾರರು ಚಿತ್ತಾರವನ್ನು ಮಗ್ಗದಲ್ಲೇ ನೇಯುತ್ತಾರೆ. ಏಡಿ, ಮೀನು, ಶಂಖ, ಕೊಡಲಿಗಳೆಲ್ಲ ಹೆಚ್ಚುವರಿ ಹೊಕ್ಕಿನ (ಅಡ್ಡ) ಎಳೆಯಿಂದ ಮೂಡುತ್ತವೆ. ಬಣ್ಣ ಆಲ್ ಗಿಡದ್ದು (ನಮ್ಮ ಆಲದ ಮರವಲ್ಲ). ನೂಲಿಗೆ ಹರಳೆಣ್ಣೆ, ಸಗಣಿ, ಬೂದಿನೀರಿನ ಸಂಸ್ಕಾರ ವಾರಗಟ್ಟಲೆ ನಡೆದ ಮೇಲೇ ಬೇರಿನ ತೊಗಟೆಯ ಕೆಂಪು ಹಿಡಿಯುವುದು. ಕಪ್ಪು ಛಾಯೆಗೆ ಅನ್ನಭೇದಿ (ಕಬ್ಬಿಣದ ಲವಣ) ಬೆರೆಸುತ್ತಾರೆ. ಹೊಸ ಬಟ್ಟೆಗೆ ಸ್ವಲ್ಪ ಎಣ್ಣೆಯ ವಾಸನೆ ಇದ್ದರೆ ಮೂಗು ಮುರಿಯಬೇಡಿ.

ನೀಲಗಿರಿಯ ತೋಡ ಬುಡಕಟ್ಟಿನವರ ಶಾಲು ಪುತ್ಕುಳಿ. ಅದರದು ಸೂಜಿಯ ಕೆಲಸ. ಬಟ್ಟೆಯನ್ನು ಹೊರಗಿನಿಂದ ತರಿಸಿ, ತೋಡ ಹೆಂಗಸರು ಎಳೆ ಎಣಿಸಿ ಕಸೂತಿ ಹಾಕುತ್ತಾರೆ. ಕೆಳಗೆ ಗೆರೆ ಬರೆದುಕೊಳ್ಳುವುದಿಲ್ಲ. ಉಬ್ಬಿದ ಹೊಲಿಗೆಯನ್ನು ಬೆರಳಲ್ಲಿ ಸವರಿದರೆ ಗೊತ್ತಾಗುತ್ತದೆ.

ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಎರಡಕ್ಕೂ ಇದೆ. ಬೆಂಗಳೂರಿನ ಸೆಕೆಗೆ, ದಿನಬಳಕೆಗೆ ನಾನಾದರೆ ಕೋಟಪಾಡ್ ಎನ್ನುತ್ತೇನೆ. ಊಟಿಯಂಥ ಚಳಿಗೆ ತೋಡ ಶಾಲು. ಉಂಗುರ, ಬಳೆಗೆ ಅದರ ಹೊಲಿಗೆ ಸಿಕ್ಕಿಕೊಳ್ಳುತ್ತದೆ, ಜೋಪಾನ. ಯಂತ್ರದ ನಕಲು ಬೇಡವೆಂದರೆ ಹಿಂಬದಿ ತಿರುಗಿಸಿ ನೋಡಿಯೇ ಕೊಳ್ಳಿ.